ಅಳೆದು ತೂಗಿ ತುಂಬುವ ತೋಟಾ: 9.3×62 ಬೇಟೆ ರೈಫಲ್ ಮತ್ತು ಅದರ ಮದ್ದಿನ ಲೆಕ್ಕ

1905ರಲ್ಲಿ ಬರ್ಲಿನ್ನಿನ ಬಂದೂಕು ತಯಾರಕ ಓಟೊ ಬಾಕ್ 9.3×62 ಎಂಬ ಹೊಸ ತೋಟಾವನ್ನು ರೂಪಿಸಿದಾಗ ಅವನ ಕಣ್ಣ ಮುಂದಿದ್ದ ಗಿರಾಕಿ ಶೋಕಿಗೆ ಬೇಟೆಯಾಡುವ ಶ್ರೀಮಂತನಾಗಿರಲಿಲ್ಲ. ಜರ್ಮನಿಯ ವಸಾಹತುಗಳಾಗಿದ್ದ ಪೂರ್ವ ಆಫ್ರಿಕಾ ಮತ್ತು ನೈರುತ್ಯ ಆಫ್ರಿಕಾಗಳಿಗೆ ಜಮೀನು ಮಾಡಲು ಹೊರಟಿದ್ದ, ಕೈಯಲ್ಲಿ ಅಷ್ಟೇನೂ ಹಣವಿಲ್ಲದ ರೈತನೇ ಅವನ ಗಿರಾಕಿ. ಆ ನೆಲ ಇವರದಾಗಿರಲಿಲ್ಲ ಎಂಬುದು ಬೇರೆಯೇ ಒಂದು ಚರಿತ್ರೆ. ಅಂಥವನಿಗೆ ಅಡುಗೆಮನೆಗೆ ಜಿಂಕೆ ಹೊಡೆಯುವುದಕ್ಕೂ, ದನದ ಕೊಟ್ಟಿಗೆಯ ಸುತ್ತ ಸುಳಿಯುವ ಸಿಂಹವನ್ನು ಎದುರಿಸುವುದಕ್ಕೂ, ಅನಿವಾರ್ಯವಾದರೆ ಕಾಡೆಮ್ಮೆಯ ಮುಂದೆ ನಿಲ್ಲುವುದಕ್ಕೂ ಒಂದೇ ರೈಫಲ್ ಸಾಕಾಗಬೇಕಿತ್ತು. ಇಂಗ್ಲೆಂಡಿನ ಹೆಸರಾಂತ ಮನೆಗಳು ತಯಾರಿಸುತ್ತಿದ್ದ ಜೋಡು ನಳಿಗೆಯ ಕೋವಿಗಳು ಈ ಕೆಲಸಕ್ಕೆ ಒದಗುತ್ತಿದ್ದವಾದರೂ ಅವುಗಳ ಬೆಲೆ ರೈತನ ಅಳವಿಗೆ ಮೀರಿದ್ದು.

ಬಾಕ್ ಕಂಡುಕೊಂಡ ಪರಿಹಾರದ ಸೊಗಸು ಅದರ ಮಿತವ್ಯಯದಲ್ಲಿದೆ. 1898ರ ಮೌಸರ್ ರೈಫಲ್ ಅಷ್ಟು ಹೊತ್ತಿಗೆ ಜರ್ಮನ್ ಸೈನ್ಯದ ಆಯುಧವಾಗಿ ಅಪಾರ ಸಂಖ್ಯೆಯಲ್ಲಿ ತಯಾರಾಗುತ್ತಿತ್ತು. ಗಟ್ಟಿಮುಟ್ಟಾದ, ಧೂಳು ಕೆಸರಿಗೆ ಅಂಜದ, ಕೈಗೆಟುಕುವ ಬೆಲೆಯ ಯಂತ್ರ ಅದು. ಅದರ ಮ್ಯಾಗಜೀನಿನ ಉದ್ದಕ್ಕೆ ಹೊಂದುವಂತೆಯೇ, ತೋಟಾವನ್ನು ಒಳತಳ್ಳಿ ಹಿಂದಿನಿಂದ ಮುಚ್ಚುವ ಅದರ ಬೋಲ್ಟಿನ ಮೂತಿ ಹಿಡಿಯಬಲ್ಲ ಬುಡವನ್ನೇ ಉಳಿಸಿಕೊಂಡು, ಹಿತ್ತಾಳೆ ಕೇಸನ್ನು 62 ಮಿಲಿಮೀಟರ್‌ವರೆಗೆ ಎಳೆದು, ಅದರ ಬಾಯಿಗೆ 9.3 ಮಿಲಿಮೀಟರ್ ವ್ಯಾಸದ, 18.5 ಗ್ರಾಂ ತೂಕದ ಗುಂಡನ್ನು ಕೂರಿಸಿದರೆ ಹೊಸ ಯಂತ್ರವನ್ನೇನೂ ಕಟ್ಟಬೇಕಾಗಿರಲಿಲ್ಲ. ಬೇರೆ ನಳಿಗೆ ಹಾಕಿದರೆ ಸಾಕಿತ್ತು. ಇದಾದ ಏಳು ವರ್ಷಕ್ಕೆ, 1912ರಲ್ಲಿ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಪ್ರಸಿದ್ಧವಾದ .375 ಮ್ಯಾಗ್ನಮ್ ತೋಟಾವನ್ನು ತಂದಿತು. ಅದು ಇನ್ನೂ ಬಲವಾದ ತೋಟಾ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದರ ಕೇಸೇ 72 ಮಿಲಿಮೀಟರ್. ಅದಕ್ಕೆ ಉದ್ದನೆಯ, ದುಬಾರಿಯಾದ ಮ್ಯಾಗ್ನಮ್ ಯಂತ್ರವೇ ಬೇಕು. ಸಾಮಾನ್ಯ ಮೌಸರಿನಲ್ಲಿ ಅದರ ಕೆಲಸದ ಬಹುಪಾಲನ್ನು ಮಾಡಿ ತೋರಿಸಿದ್ದು 9.3×62.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಕೈಯಿಂದ ವಸಾಹತುಗಳು ತಪ್ಪಿಹೋದವು, ತೋಟಾ ಮಾತ್ರ ಉಳಿಯಿತು. ಇಂದು ಅದರ ನಿಜವಾದ ಮನೆ ಉತ್ತರ ಯುರೋಪ್: ಸ್ವೀಡನ್ ಮತ್ತು ಫಿನ್‌ಲೆಂಡಿನ ಮೂಸ್ ಕಾಡುಗಳು, ಜರ್ಮನಿಯ ಕಾಡುಹಂದಿಯ ಬೇಟೆ. ಮೂಸ್ ಎಂದರೆ ನಮ್ಮ ಕಡವೆಯ ಬಳಗಕ್ಕೇ ಸೇರಿದ, ಆದರೆ ನಾಲ್ಕುನೂರು ಕಿಲೋ ದಾಟಬಲ್ಲ ದೈತ್ಯ. ಅದನ್ನು ಬೇಟೆಯಾಡುವ ತೋಟಾಕ್ಕೆ ಸ್ವೀಡನ್ನಿನ ಕಾನೂನು ಕನಿಷ್ಠ ಮಿತಿಯನ್ನು ಗೊತ್ತುಮಾಡಿದೆ: ಗುಂಡು ಕನಿಷ್ಠ 9 ಗ್ರಾಂ ಇದ್ದರೆ ನೂರು ಮೀಟರ್ ದೂರದಲ್ಲಿ 2700 ಜೂಲ್ ಶಕ್ತಿ ಇರಬೇಕು, 10 ಗ್ರಾಂ ಅಥವಾ ಹೆಚ್ಚಿದ್ದರೆ 2000 ಜೂಲ್ ಸಾಕು. ನಳಿಗೆಯ ಬಾಯಲ್ಲಿ ಸೆಕೆಂಡಿಗೆ 720 ಮೀಟರ್ ವೇಗವಿರುವ ಈಗಿನ 9.3ರ ಗುಂಡಿಗೆ ಸುಮಾರು 4800 ಜೂಲ್ ಶಕ್ತಿ ಇರುವುದರಿಂದ ಈ ಮಿತಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಷ್ಟೆಲ್ಲ ಹೆಚ್ಚುವರಿ ಇರುವ ಕಡೆ ಇನ್ನೂ ವೇಗ ಬೇಕೆಂದು ಮದ್ದನ್ನು ತುರುಕುವುದು ಅರ್ಥವಿಲ್ಲದ ಕೆಲಸ. ಆದರೂ ಕೈಯಿಂದ ತೋಟಾ ತುಂಬಲು ಹೊರಟ ಹೊಸಬರು ಮೊದಲು ಮಾಡಲು ಬಯಸುವುದು ಅದನ್ನೇ.

ಮನೆಯಲ್ಲಿ ತೋಟಾ ತುಂಬುವುದು ಎಂದರೆ ನಿಜಕ್ಕೂ ಏನು? ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಇದರ ಮೂಲತತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ನಳಿಗೆಯ ಬಾಯಿಂದ ಮದ್ದು, ಮೇಲೊಂದು ತಡೆ, ಆಮೇಲೆ ಗುಂಡು ಅಥವಾ ಚರೆ ಹಾಕಿ ಸರಳಿನಿಂದ ಜಡಿದು, ಹಿಂದುಗಡೆಯ ಮೊಲೆಗೆ ಕೇಪನ್ನು ತೊಡಿಸುತ್ತಾರೆ. ಪ್ರತಿಯೊಂದು ಈಡಿಗೂ ಬೇಟೆಗಾರನೇ ಮದ್ದನ್ನು ಅಳೆಯುತ್ತಾನೆ. ರೈಫಲ್ಲಿನ ತೋಟಾ ಇದೇ ಕೇಪು, ಮದ್ದು, ಗುಂಡುಗಳನ್ನು ಒಂದು ಹಿತ್ತಾಳೆಯ ಡಬ್ಬಿಯೊಳಗೆ ಒಟ್ಟುಗೂಡಿಸಿದೆ, ಅಷ್ಟೆ: ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು, ಇವೆಲ್ಲವನ್ನೂ ಹಿಡಿದಿಟ್ಟ ಕೇಸು. ಒಂದು ಸಲ ಸಿಡಿದ ಮೇಲೆ ಕೇಪು, ಮದ್ದು, ಗುಂಡು ಮೂರೂ ಮುಗಿದುಹೋಗುತ್ತವೆ. ಆದರೆ ಬೆಲೆಯಲ್ಲಿ ದೊಡ್ಡ ಪಾಲಾದ ಹಿತ್ತಾಳೆ ಕೇಸು ತುಸು ಹಿಗ್ಗಿದ್ದರೂ ಕೆಡದೆ ಕೈಗೆ ಮರಳುತ್ತದೆ. ಅದನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು ಒತ್ತಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸುವುದೇ ಈ ಇಡೀ ವಿದ್ಯೆ.

ಹಿತ್ತಾಳೆಯನ್ನೇ ಏಕೆ ಆರಿಸಿಕೊಂಡರು ಎಂಬುದು ಗಮನಿಸಬೇಕಾದ ಸಂಗತಿ. ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಈ ಮಿಶ್ರಲೋಹಕ್ಕೆ ಹಿಗ್ಗುವ ಗುಣವೂ ಉಂಟು, ಹಿಗ್ಗಿದ್ದರಲ್ಲಿ ಕೊಂಚ ಹಿಂದಕ್ಕೆ ಕುಗ್ಗುವ ಗುಣವೂ ಉಂಟು. ಮದ್ದು ಹೊತ್ತಿಕೊಂಡಾಗ ಕೇಸಿನ ಗೋಡೆ ಉಬ್ಬಿ ನಳಿಗೆಯ ಗೂಡಿಗೆ ಒತ್ತಿಕೊಂಡು ನಿಂತು, ಕಾದ ಅನಿಲ ಹಿಂದಕ್ಕೆ, ಎಂದರೆ ಹೊಡೆಯುವವನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಕ್ಷಣವೇ ಕೂದಲೆಳೆಯಷ್ಟು ಕುಗ್ಗಿ ಗೂಡಿನಿಂದ ಸಲೀಸಾಗಿ ಹೊರಬರುತ್ತದೆ. 9.3×62ಕ್ಕೆ ಯುರೋಪಿನ ಮಾನಕ ನಿಗದಿಪಡಿಸಿರುವ ಗರಿಷ್ಠ ಒತ್ತಡ 3900 ಬಾರ್, ಹೆಚ್ಚು ಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 3900 ಪಟ್ಟು. ಅಷ್ಟು ಒತ್ತಡ ಹುಟ್ಟಿ, ಗುಂಡು ನಳಿಗೆಯನ್ನು ದಾಟಿ ಹೋಗುವಷ್ಟರಲ್ಲಿ ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ ಕಳೆದಿರುತ್ತದೆ.

ಇಲ್ಲಿ 9.3×62ಕ್ಕೇ ವಿಶೇಷವಾದ ಒಂದು ಸೂಕ್ಷ್ಮವಿದೆ. ಸೀಸೆಯ ಹಾಗೆ ಈ ಕೇಸಿಗೂ ಹೊಟ್ಟೆ, ಹೆಗಲು, ಕುತ್ತಿಗೆ ಇವೆ. ತೋಟಾವನ್ನು ಗೂಡಿನೊಳಗೆ ತಳ್ಳಿದಾಗ ಅದು ಎಲ್ಲಿಯವರೆಗೆ ಹೋಗಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಈ ಹೆಗಲೇ. ದಪ್ಪ ಗುಂಡಿನ ತೋಟಾ ಇದಾದ್ದರಿಂದ ಕುತ್ತಿಗೆಯೂ ದಪ್ಪ, ಹಾಗಾಗಿ ಹೆಗಲಿಗೆ ಉಳಿದಿರುವ ಜಾಗ ಸುತ್ತಲೂ ಒಂದು ಮಿಲಿಮೀಟರಿಗೂ ಕಡಿಮೆ. ಸೈಜಿಂಗ್ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಕೇಸನ್ನು ಒತ್ತಿ ಅಳತೆಗೆ ತರುವಾಗ ಅಚ್ಚನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ತಿರುಗಿಸಿಟ್ಟರೂ ಸಾಕು, ಹೆಗಲು ಹಿಂದಕ್ಕೆ ಸರಿದುಬಿಡುತ್ತದೆ. ಆಗ ತೋಟಾ ಗೂಡಿನಲ್ಲಿ ಸಡಿಲವಾಗಿ ಕೂರುತ್ತದೆ. ಸಿಡಿದಾಗ ಮುಂಭಾಗದ ಗೋಡೆ ಗೂಡಿಗೆ ಅಂಟಿಕೊಂಡರೆ ಬುಡ ಮಾತ್ರ ಹಿಂದಕ್ಕೆ ಹೋಗಿ ಬೋಲ್ಟಿಗೆ ಬಡಿಯುತ್ತದೆ, ನಡುವಿನ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ. ಹೀಗೆಯೇ ನಾಲ್ಕಾರು ಸಲ ನಡೆದರೆ ಬುಡಕ್ಕಿಂತ ತುಸು ಮೇಲೆ ಹೊಳೆಯುವ ಒಂದು ಉಂಗುರ ಕಾಣಿಸಿಕೊಳ್ಳುತ್ತದೆ, ಮುಂದೊಂದು ದಿನ ಕೇಸು ಅಲ್ಲಿಯೇ ಎರಡಾಗಿ ಹರಿಯುತ್ತದೆ. ಅನುಭವಿಗಳು ಇದಕ್ಕೆ ಕಂಡುಕೊಂಡಿರುವ ದಾರಿ ಸರಳ: ತಮ್ಮದೇ ರೈಫಲ್ಲಿನಲ್ಲಿ ಸಿಡಿದ ಕೇಸನ್ನು ಮಾದರಿಯಾಗಿಟ್ಟುಕೊಂಡು, ಅಚ್ಚನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡ ಹಂತದಲ್ಲಿ ಕೈ ಬಿಡುವುದು. ತಂತಿಯ ತುದಿಯನ್ನು ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದರೆ, ತೆಳುವಾದ ಕಡೆ ತುದಿ ಹಳ್ಳಕ್ಕೆ ಬಿದ್ದಂತಾಗಿ ಬೆರಳಿಗೆ ತಿಳಿಯುತ್ತದೆ. ದುಬಾರಿ ಉಪಕರಣಗಳ ಈ ಕಾಲದಲ್ಲೂ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಳೆಯ ಯುರೋಪಿಯನ್ ತೋಟಾಗಳನ್ನು ಮತ್ತೆ ತುಂಬಲು ಹೊರಟವರಿಗೆ ಎದುರಾಗುವ ಇನ್ನೊಂದು ತೊಡಕು ಕೇಪಿನದು. ಬಾಕ್ಸರ್ ಮಾದರಿಯ ಕೇಪಿಗೆ ಕೇಸಿನ ಬುಡದ ನಟ್ಟನಡುವೆ ಒಂದೇ ತೂತು ಇರುತ್ತದೆ, ಹಾಗಾಗಿ ಒಳಗಿನಿಂದ ಒಂದು ಸೂಜಿ ತೂರಿಸಿ ಹಳೆಯ ಕೇಪನ್ನು ಹೊರಕ್ಕೆ ದೂಡಬಹುದು. ಬರ್ಡಾನ್ ಮಾದರಿಯಲ್ಲಿ ನಡುವೆ ಒಂದು ಮೊಟಕು ಮೊಳೆಯಿದ್ದು ಅದರ ಅಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಸೂಜಿ ಹಾಕಿದರೆ ಮುರಿಯುವುದು ಸೂಜಿಯೇ. ತಮಾಷೆಯೆಂದರೆ ಎಡ್ವರ್ಡ್ ಬಾಕ್ಸರ್ ಇಂಗ್ಲಿಷಿನವನು, ಅವನ ಮಾದರಿ ಅಮೆರಿಕದಲ್ಲಿ ನೆಲೆನಿಂತಿತು. ಹೈರಮ್ ಬರ್ಡಾನ್ ಅಮೆರಿಕದವನು, ಅವನದು ಯುರೋಪಿನಲ್ಲಿ ಬಹುಕಾಲ ಬಾಳಿತು. ಈಗ ಸಿಗುವ ಹೊಸ 9.3ರ ಕೇಸುಗಳು ಬಹುತೇಕ ಬಾಕ್ಸರ್ ಮಾದರಿಯವೇ ಆಗಿರುವುದರಿಂದ ಸಮಸ್ಯೆ ಕಡಿಮೆಯಾಗಿದೆ.

ಇನ್ನು ಮದ್ದು. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಸಿದ್ಧಪಡಿಸಿದ ಮೇಲೆ ಬಂದೂಕಿನ ಲೋಕವೇ ಬದಲಾಯಿತು. ಕಪ್ಪು ಮದ್ದಿನ ಹಾಗೆ ಇದು ಒಮ್ಮೆಲೇ ಭಗ್ಗೆಂದು ಮುಗಿಯುವುದಿಲ್ಲ. ಎಷ್ಟು ಬೇಗ ಉರಿಯಬೇಕು ಎಂಬುದನ್ನು ಅದರ ಕಾಳಿನ ಆಕಾರದಿಂದಲೇ ನಿಯಂತ್ರಿಸಬಹುದು. ಸೌದೆಯನ್ನು ಸಣ್ಣಗೆ ಸಿಗಿದಷ್ಟೂ ಬೇಗ ಹೊತ್ತುತ್ತದೆ, ದಿಮ್ಮಿಯಾಗಿಯೇ ಇಟ್ಟರೆ ನಿಧಾನವಾಗಿ ಉರಿಯುತ್ತದೆ. ರೈಫಲ್ಲಿನ ಮದ್ದಿನ ಕಾಳು ಸಾಮಾನ್ಯವಾಗಿ ಸಣ್ಣ ಶಾವಿಗೆಯ ತುಂಡಿನಂತಿದ್ದು ಅದರ ನಡುವೆ ಉದ್ದಕ್ಕೂ ಒಂದು ತೂತಿರುತ್ತದೆ. ಹೊರಮೈ ಉರಿದು ಕಿರಿದಾಗುತ್ತ ಹೋದಂತೆ ಒಳಗಿನ ತೂತು ಉರಿದು ಹಿರಿದಾಗುತ್ತ ಹೋಗುವುದರಿಂದ ಬೆಂಕಿಗೆ ಒಡ್ಡಿದ ಒಟ್ಟು ಮೈ ಹೆಚ್ಚು ಕಡಿಮೆ ಒಂದೇ ಆಗಿ ಉಳಿದು, ಅನಿಲ ಒಂದೇ ಹದದಲ್ಲಿ ಹುಟ್ಟುತ್ತದೆ. ಕಾಳಿನ ಮೇಲೆ ಲೇಪನವನ್ನೂ ಕೊಟ್ಟು ಮೊದಲ ಉರಿಯನ್ನು ಮತ್ತಷ್ಟು ತಗ್ಗಿಸಿರುತ್ತಾರೆ.

ಯಾವ ತೋಟಾಕ್ಕೆ ಯಾವ ವೇಗದ ಮದ್ದು ಎಂಬುದು ಬಾಯಿಪಾಠದ ವಿಷಯವಲ್ಲ, ಅದರ ಹಿಂದೆ ಲೆಕ್ಕವಿದೆ. ಅಮೆರಿಕದ .30-06 ತೋಟಾದ ಕೇಸು ಗಾತ್ರದಲ್ಲಿ 9.3×62ರ ಹತ್ತಿರದ ನೆಂಟ. ಬಾಕ್‌ನ ಕೇಸಿನೊಳಗೆ ಅದಕ್ಕಿಂತ ತುಸು ಮಾತ್ರ ಹೆಚ್ಚು ಜಾಗ. ಆದರೆ ನಳಿಗೆಯ ತೂತಿನ ವಿಸ್ತೀರ್ಣವನ್ನು ಹೋಲಿಸಿದರೆ 9.3ರದು ಸುಮಾರು ಶೇ. 40ರಷ್ಟು ಹೆಚ್ಚು. ಅಂದರೆ ಅದೇ ಒತ್ತಡ ಅಷ್ಟು ದೊಡ್ಡ ಬುಡದ ಮೇಲೆ ಕೆಲಸ ಮಾಡಿ ಗುಂಡನ್ನು ಹೆಚ್ಚು ಬಲದಿಂದ ತಳ್ಳುತ್ತದೆ. ಜೊತೆಗೆ ಗುಂಡು ಒಂದೊಂದು ಅಂಗುಲ ಮುಂದೆ ಸರಿದಾಗಲೂ ಅದರ ಹಿಂದೆ ತೆರೆದುಕೊಳ್ಳುವ ಜಾಗವೂ ಹೆಚ್ಚು. ಹೀಗೆ ಬೇಗಬೇಗ ಹಿರಿದಾಗುವ ಜಾಗವನ್ನು ತುಂಬಲು ತೀರ ನಿಧಾನದ ಮದ್ದಿಗೆ ಆಗುವುದಿಲ್ಲ, ತೀರ ವೇಗದ್ದು ಮೊದಲಿಗೇ ಒತ್ತಡವನ್ನು ಮಿತಿ ಮೀರಿಸುತ್ತದೆ. ಆದ್ದರಿಂದಲೇ ಫಿನ್‌ಲೆಂಡಿನ ವಿಹ್ತಾವುವರಿ ಎನ್140, ಅಮೆರಿಕದಲ್ಲಿ ಹೆಸರಾದ ರೀಲೋಡರ್ 15, ವಾರ್‌ಗೆಟ್ ಮೊದಲಾದ ಮಧ್ಯಮ ವೇಗದ ಮದ್ದುಗಳು ಈ ತೋಟಾಕ್ಕೆ ಒಗ್ಗಿವೆ. ಎಷ್ಟು ಹಾಕಬೇಕು ಎಂಬುದನ್ನು ಮಾತ್ರ ಮದ್ದು ತಯಾರಕರು ಪ್ರಕಟಿಸುವ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಯಾರೋ ಹೇಳಿದರೆಂದು ಕೇಳಿ ಹಾಕುವುದು, ಇಂಥ ಲೇಖನ ಓದಿ ಹಾಕುವುದು, ಎರಡೂ ತಪ್ಪು.

ಮದ್ದನ್ನೂ ಗುಂಡನ್ನೂ ತೂಗುವ ಮಾನಕ್ಕೆ ಗ್ರೇನ್ ಎಂದು ಹೆಸರು. ಹಿಂದೊಮ್ಮೆ ಧಾನ್ಯದ ಕಾಳೇ ಅದರ ಅಳತೆಗೋಲು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುವುದರಿಂದ ಎರಡು ಗ್ರೇನಿಗೆ ತುಸು ಕಡಿಮೆ ಎಂದರೆ ಒಂದು ಗುಂಜಿ ಎಂದುಕೊಳ್ಳಬಹುದು. ತೋಟಾ ತುಂಬುವವರ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನು, ಅಂದರೆ ಒಂದು ಗುಲಗಂಜಿಯ ಹದಿನೆಂಟನೇ ಒಂದು ಪಾಲನ್ನು, ಗುರುತಿಸುತ್ತದೆ. ಬಾಕ್‌ನ 18.5 ಗ್ರಾಂ ಗುಂಡು ಈ ಲೆಕ್ಕದಲ್ಲಿ 286 ಗ್ರೇನ್. ಚಿನ್ನ ತೂಗುವವನ ಎಚ್ಚರವೇ ಇಲ್ಲಿಯೂ ಬೇಕಾಗಿರುವುದು: ಫ್ಯಾನ್ ಹಾಕಿಕೊಂಡು ಕೂತರೆ ಅದರ ಗಾಳಿಗೆ ತಕ್ಕಡಿ ಸುಳ್ಳು ಹೇಳುತ್ತದೆ. ಮಾತನಾಡುತ್ತ ತೂಗಿದರೆ ಒಂದು ಕೇಸಿಗೆ ಎರಡು ಸಲ ಮದ್ದು ಬಿದ್ದೀತು, ಇನ್ನೊಂದು ಖಾಲಿಯೇ ಉಳಿದೀತು. 9.3×62ಕ್ಕೆ ಸರಿಯಾದ ಮದ್ದು ಕೇಸಿನ ಬಹುಭಾಗವನ್ನು ತುಂಬುವುದರಿಂದ ಎರಡು ಪಾಲು ಹಾಕಿದರೆ ಉಕ್ಕಿ ಚೆಲ್ಲಿ ತಾನೇ ಗೊತ್ತಾಗುತ್ತದೆ ಎಂಬುದು ಈ ತೋಟಾದ ಒಂದು ಅನುಕೂಲ. ಗುಂಡು ಕೂರಿಸುವ ಮುನ್ನ ಎಲ್ಲ ಕೇಸುಗಳನ್ನೂ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು, ಒಳಗಿನ ಮಟ್ಟವನ್ನು ಒಂದೊಂದಾಗಿ ನೋಡದೆ ಮುಂದಕ್ಕೆ ಹೋಗುವವರನ್ನು ನಂಬಬಾರದು.

ಕೈಪಿಡಿಯ ಗರಿಷ್ಠ ಅಂಕಿಯಿಂದಲೇ ಶುರುಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಒಂದೊಂದು ನಳಿಗೆಯ ಗೂಡೂ ಒಂದೊಂದು ಬಗೆ, ಒಂದು ಕಂಪನಿಯ ಕೇಸಿನ ಗೋಡೆ ಇನ್ನೊಂದರದಕ್ಕಿಂತ ದಪ್ಪ; ಆದ್ದರಿಂದ ಗರಿಷ್ಠಕ್ಕಿಂತ ಶೇ. 10ರಷ್ಟು ಕೆಳಗೆ ಆರಂಭಿಸಿ ಸಣ್ಣಸಣ್ಣ ಹೆಜ್ಜೆಗಳಲ್ಲಿ ಮೇಲೇರಬೇಕು. ಹಾಗೆಂದು ಕೈಪಿಡಿಯ ಕನಿಷ್ಠಕ್ಕಿಂತಲೂ ಕೆಳಗಿಳಿಯುವುದು ಸುರಕ್ಷಿತವೆಂದು ಭಾವಿಸಬಾರದು. ಅರ್ಧ ಖಾಲಿ ಕೇಸಿನಲ್ಲಿ ನಿಧಾನದ ಮದ್ದು ಹೇಗೆ ಹೊತ್ತೀತು ಎಂಬುದನ್ನು ಊಹಿಸಲಾಗದು. ಬೋಲ್ಟ್ ಎತ್ತಲು ಬಿಗಿಯಾಗುವುದು, ಕೇಪು ತೀರ ಚಪ್ಪಟೆಯಾಗುವುದು, ಕೇಸಿನ ಬುಡದ ಮೇಲೆ ಹೊಳೆಯುವ ಗುರುತು ಮೂಡುವುದು ಇವೆಲ್ಲ ಒತ್ತಡ ಮೀರಿದ ಲಕ್ಷಣಗಳು. ಆದರೆ ಈ ಲಕ್ಷಣಗಳು ಕಾಣುವ ಹೊತ್ತಿಗೆ ಮಿತಿ ದಾಟಿ ಬಹಳ ದೂರ ಬಂದಿರುತ್ತೇವೆ. ಹಳೆಯ, ಮೆದು ಉಕ್ಕಿನ ಕೋವಿಗಳ ವಿಷಯದಲ್ಲಂತೂ ಅವನ್ನು ಕಾಯುತ್ತ ಕೂರುವುದೇ ಅಪಾಯ. ಸ್ವೀಡನ್ನಿನ ಹುಸ್ಕ್‌ವಾರ್ನಾ ಕಾರ್ಖಾನೆ 9.3×57 ಎಂಬ ಮೋಟು ತೋಟಾಕ್ಕೂ ರೈಫಲ್‌ಗಳನ್ನು ಮಾಡಿದೆ. ಅದರ ಗುಂಡಿನ ವ್ಯಾಸ ಒಂದೇ ಆದರೂ ತಾಳಿಕೊಳ್ಳುವ ಒತ್ತಡ ಬಹಳ ಕಡಿಮೆ. ನಳಿಗೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿ, ಬಂದೂಕು ಪರೀಕ್ಷಾಲಯದ ಮುದ್ರೆ ಇದೆಯೇ ನೋಡಿ, ಸಂಶಯವಿದ್ದರೆ ಬಲ್ಲ ಕುಶಲಕರ್ಮಿಗೆ ತೋರಿಸಿದ ಮೇಲೆಯೇ ಮುಂದಿನ ಮಾತು.

ಬಾಕ್ ತನ್ನ ಮೂಲ ತೋಟಾಕ್ಕೆ ಸೆಕೆಂಡಿಗೆ ಸುಮಾರು 655 ಮೀಟರ್ ವೇಗವನ್ನಷ್ಟೇ ಇಟ್ಟಿದ್ದ. ಆಗಿನ ಮದ್ದು, ಉಕ್ಕುಗಳ ಮಿತಿಯೂ ಅದಕ್ಕೆ ಕಾರಣ, ಆಫ್ರಿಕಾದ ಬಿಸಿಲೂ ಕಾರಣ. ಮದ್ದು ಕಾದಷ್ಟೂ ಬೇಗ ಉರಿದು ಒತ್ತಡ ಏರುತ್ತದೆ; ತಂಪು ದೇಶದಲ್ಲಿ ಸರಿಯಿದ್ದ ತೋಟಾ ಬಿಸಿಲಲ್ಲಿ ಕಾದು ಸಿಡಿದಾಗ ಕೇಸು ಗೂಡಿನಲ್ಲಿ ಕಚ್ಚಿಕೊಂಡುಬಿಡಬಹುದು, ಗಾಯಗೊಂಡ ಕಾಡೆಮ್ಮೆ ಎದುರಿಗಿರುವಾಗ ಇದು ಪ್ರಾಣದ ಪ್ರಶ್ನೆ. ಇದರ ತಿರುಗುಮುರುಗು ಪಾಠ ಸ್ವೀಡನ್ನಿನವರಿಗೆ ಅನ್ವಯಿಸುತ್ತದೆ. ಜುಲೈ ತಿಂಗಳ ಬಿಸಿಲಲ್ಲಿ ಹದಗೊಳಿಸಿದ ತೋಟಾ ಹಿಮ ಬೀಳುವ ಕಾಲಕ್ಕೆ ತುಸು ನಿಧಾನವಾಗುತ್ತದೆ. ಬೇಟೆಯ ಕಾಲದ ಚಳಿಯಲ್ಲಿ ಗರಿಷ್ಠಕ್ಕೆ ಏರಿಸಿಟ್ಟ ತೋಟಾ ಮುಂದಿನ ಬೇಸಗೆಯಲ್ಲಿ ಮಿತಿ ಮೀರುತ್ತದೆ.

ವೇಗದ ಆಸೆಗೆ ಉತ್ತರ ಕೊಡಲು ಒಂದು ಸಣ್ಣ ಲೆಕ್ಕ ಸಾಕು. 720 ಮೀಟರ್ ವೇಗದ ಗುಂಡನ್ನು ನೂರೈವತ್ತು ಮೀಟರಿಗೆ ಗುರಿಕಟ್ಟಿದರೆ ಇನ್ನೂರು ಮೀಟರಿನಲ್ಲಿ ಅದು ಸುಮಾರು ಅರ್ಧ ಗೇಣು ಕೆಳಗೆ ಬೀಳುತ್ತದೆ. ಒತ್ತಡದ ಮಿತಿಯೊಡನೆ ಸರಸವಾಡಿ ವೇಗವನ್ನು 760ಕ್ಕೆ ಏರಿಸಿದರೆ ಈ ಕುಸಿತದಲ್ಲಿ ಕಡಿಮೆಯಾಗುವುದು ಒಂದು ಬೆರಳಗಲದಷ್ಟು ಮಾತ್ರ. ಮೂಸ್‌ನ ಎದೆಗೂಡಿನ ಅಗಲದ ಮುಂದೆ ಅದು ಏನೂ ಅಲ್ಲ. ಆದರೆ ಭುಜಕ್ಕೆ ಬೀಳುವ ಒದೆತದ ಶಕ್ತಿ ಶೇ. 11ಕ್ಕೂ ಮಿಗಿಲಾಗಿ ಏರುತ್ತದೆ, ಒದೆತಕ್ಕೆ ಅಂಜುವ ಕೈ ಕುದುರೆ (ಟ್ರಿಗರ್) ಎಳೆಯುವಾಗ ಜಗ್ಗುತ್ತದೆ, ಗುರಿ ತಪ್ಪುತ್ತದೆ. ಉತ್ತರದ ಕಾಡಿನಲ್ಲಿ ಬಹುತೇಕ ಈಡುಗಳು ನೂರು ಮೀಟರಿನ ಒಳಗೇ ನಡೆಯುತ್ತವೆ ಎಂಬುದನ್ನು ನೆನೆದರೆ ಈ ವ್ಯಾಪಾರದಲ್ಲಿ ಲಾಭ ಯಾರಿಗೂ ಇಲ್ಲ. ಭಾರವಾದ ನಿಧಾನದ ಗುಂಡಿನಿಂದ ಮಾಂಸ ಕಡಿಮೆ ಹಾಳಾಗುತ್ತದೆ ಎಂಬುದನ್ನೂ, ವರ್ಷದ ಮಾಂಸವನ್ನು ಬೇಟೆಯಿಂದಲೇ ಫ್ರೀಜರಿಗೆ ತುಂಬಿಕೊಳ್ಳುವ ಮನೆಗಳು ಚೆನ್ನಾಗಿ ಬಲ್ಲವು.

ಹಾಗಾದರೆ ಕೈಯಿಂದ ತುಂಬುವುದರ ಲಾಭ ಎಲ್ಲಿದೆ? ಏಕರೂಪತೆಯಲ್ಲಿದೆ, ಆಯ್ಕೆಯಲ್ಲಿದೆ. ಹತ್ತು ತೋಟಾಗಳ ವೇಗವನ್ನು ಕ್ರೋನೋಗ್ರಾಫ್ ಎಂಬ ಯಂತ್ರದಿಂದ ಅಳೆದಾಗ ಹತ್ತೂ ಒಂದರ ಹತ್ತಿರ ಒಂದು ನಿಂತರೆ, ಗುಂಡು ಬಿದ್ದ ತೂತುಗಳೂ ಹತ್ತಿರಹತ್ತಿರ ನಿಲ್ಲುವ ಸಂಭವ ಹೆಚ್ಚು. ಗುಂಡು ಕುತ್ತಿಗೆಯಲ್ಲಿ ಎಷ್ಟು ಆಳಕ್ಕೆ ಕೂರಬೇಕು, ನಳಿಗೆಯ ಸುರುಳಿ ಗೀರುಗಳನ್ನು ಮುಟ್ಟುವ ಮೊದಲು ಅದು ಎಷ್ಟು ದೂರ ಖಾಲಿ ಜಿಗಿಯಬೇಕು ಎಂಬುದನ್ನು ಕಾರ್ಖಾನೆ ಎಲ್ಲ ರೈಫಲ್‌ಗಳಿಗೂ ಒಂದೇ ಸಮನಾಗಿ ನಿರ್ಧರಿಸುತ್ತದೆ. ಮನೆಯಲ್ಲಿ ತುಂಬುವವನು ಮ್ಯಾಗಜೀನಿನ ಉದ್ದದೊಳಗೆ ತನ್ನ ಒಂದೇ ನಳಿಗೆಗೆ ಒಪ್ಪುವ ಆಳವನ್ನು ಹುಡುಕಬಹುದು. 9.3ರ ನಳಿಗೆಯ ಸುರುಳಿ 360 ಮಿಲಿಮೀಟರಿಗೆ ಒಂದು ಸುತ್ತು ಹಾಕುತ್ತದೆ, ಎಂದರೆ ಬಾಯಿಂದ ಹೊರಬಿದ್ದ ಗುಂಡು ಸೆಕೆಂಡಿಗೆ 2000 ಸುತ್ತು ಬುಗುರಿಯಂತೆ ತಿರುಗುತ್ತಿರುತ್ತದೆ. ಅಷ್ಟು ರಭಸದಲ್ಲಿ ತಿರುಗುವ ವಸ್ತು ನಳಿಗೆಯೊಳಗೆ ಕೂದಲೆಳೆಯಷ್ಟು ಓರೆಯಾಗಿ ಹೊರಟರೂ ಕಾಗದದ ಮೇಲೆ ಅದು ಕಾಣಿಸಿಕೊಳ್ಳುತ್ತದೆ.

ಗುಂಡಿನ ಆಯ್ಕೆಯ ವಿಷಯ ಬಂದಾಗ 1946ರ ಒಂದು ಪ್ರಸಂಗವನ್ನು ನೆನೆಯಲೇಬೇಕು. ಅಮೆರಿಕದ ಜಾನ್ ನೋಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವೇಗದ .300 ಮ್ಯಾಗ್ನಮ್ ರೈಫಲ್ಲಿನಿಂದ ಮೂಸ್ ಒಂದಕ್ಕೆ ಗುಂಡು ಹಾಕಿದ. ವೇಗವೇನೋ ಬೇಕಾದಷ್ಟಿತ್ತು, ಆದರೆ ಗುಂಡು ಮೈಮೇಲೆಯೇ ಒಡೆದು ಚೂರಾಗಿ ಒಳಕ್ಕೆ ಇಳಿಯಲೇ ಇಲ್ಲ. ಆ ಅನುಭವದಿಂದ ಅವನು ತಾಮ್ರದ ಹೊದಿಕೆಯ ನಡುವೆ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಉಳಿದು ಒಳಹೋಗುವಂಥ ಗುಂಡನ್ನು ಮಾಡಿದ; 1948ರಲ್ಲಿ ಅದೇ ಗುಂಡಿನ ಮೇಲೆ ಅವನ ಕಂಪನಿ ನಿಂತಿತು. 9.3ರ ಮಟ್ಟದ ವೇಗದಲ್ಲಿ ಸಾಧಾರಣ ಗುಂಡೂ ಒಡೆಯದೆ ಅರಳುತ್ತದೆ ಎಂಬುದು ಈ ಹಳೆಯ ತೋಟಾ ನೂರು ವರ್ಷ ಬಾಳಿದ್ದಕ್ಕೆ ಇರುವ ಬಹುಮುಖ್ಯ ಕಾರಣ. ಇತ್ತೀಚಿನ ಸವಾಲು ಬೇರೆ ಬಗೆಯದು. ಸೀಸದ ಚೂರುಗಳು ಮಾಂಸಕ್ಕೂ, ಬೇಟೆಯ ಉಳಿಕೆಗಳನ್ನು ತಿನ್ನುವ ಹದ್ದುಗಳಿಗೂ ವಿಷವೆಂಬ ಕಾರಣಕ್ಕೆ ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ ಗುಂಡಿನಲ್ಲೂ ಸೀಸವನ್ನು ನಿಷೇಧಿಸಿದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿ, ತೋಟಾದ ಒಟ್ಟು ಉದ್ದ ಬದಲಾಗದೆ ಇರಬೇಕಾದ್ದರಿಂದ ಕೇಸಿನೊಳಗೆ ಮದ್ದಿನ ಜಾಗವನ್ನು ಆಕ್ರಮಿಸುತ್ತದೆ. ಆದ್ದರಿಂದ 286 ಗ್ರೇನಿನ ಸೀಸದ ಗುಂಡಿನ ಬದಲು 250 ಗ್ರೇನಿನ ಅಥವಾ ಇನ್ನೂ ಹಗುರವಾದ ತಾಮ್ರದ ಗುಂಡನ್ನು ಆರಿಸಿ, ಅದಕ್ಕೆಂದೇ ಪ್ರಕಟವಾದ ಅಂಕಿಗಳಿಂದ ಲೆಕ್ಕವನ್ನು ಹೊಸದಾಗಿ ಆರಂಭಿಸುವುದು ಸರಿಯಾದ ಕ್ರಮ. ಸೀಸದ ಗುಂಡಿನ ಮದ್ದನ್ನೇ ಅದೇ ತೂಕದ ತಾಮ್ರದ ಗುಂಡಿನ ಹಿಂದೆ ಹಾಕಿದರೆ ಒತ್ತಡ ಮಿತಿ ಮೀರಬಹುದು.

ಕರ್ನಾಟಕದ ಓದುಗರಿಗೆ ಇದೆಲ್ಲ ಓದಿ ತಿಳಿಯುವ ವಿದ್ಯೆಯೇ ಹೊರತು ಮಾಡಿ ನೋಡುವ ವಿದ್ಯೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳಬಹುದು; ಅದು ಕೋವಿ ಇಟ್ಟುಕೊಳ್ಳುವ ಮಾತು, ಬೇಟೆಯ ಅನುಮತಿಯಲ್ಲ. ಜರ್ಮನಿಯಲ್ಲಿಯೂ ಮದ್ದು ಕೊಳ್ಳಬೇಕಾದರೆ ತರಬೇತಿ ಪಡೆದು, ಸ್ಫೋಟಕಗಳ ಕಾಯ್ದೆಯ 27ನೇ ಕಲಮಿನ ಅನುಮತಿ ಪತ್ರ ಪಡೆಯಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ. ಈ ಹವ್ಯಾಸ ಅಲ್ಲಿ ಅಷ್ಟು ಬೆಳೆದಿರುವುದಕ್ಕೆ ಅದೂ ಕಾರಣ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನಟ್ಟಲು ಬಳಸುತ್ತಿದ್ದ .405 ವಿಂಚೆಸ್ಟರ್ ಕೂಡ 9.3ರ ಓರಗೆಯದೇ, 1904ರದ್ದು. ಕಾರ್ಖಾನೆ ಅದರ ತೋಟಾ ಮಾಡುವುದನ್ನು ದಶಕಗಳ ಕಾಲ ನಿಲ್ಲಿಸಿದ್ದಾಗ ಆ ರೈಫಲ್‌ಗಳಲ್ಲಿ ಉಸಿರು ಉಳಿಸಿದ್ದು ಅಮೆರಿಕದ ಮನೆಮನೆಗಳ ತೋಟಾ ತುಂಬುವ ಪ್ರೆಸ್ಸುಗಳು.

ಸ್ವೀಡನ್ನಿನಲ್ಲಿ ತೋಟಾ ತುಂಬುವವನ ವರ್ಷ ಬೇಟೆಗಿಂತ ಹೆಚ್ಚಾಗಿ ಅಭ್ಯಾಸದಲ್ಲಿಯೇ ಕಳೆಯುತ್ತದೆ. ಅಲ್ಲಿನ ಬಂದೂಕು ಮೈದಾನಗಳಲ್ಲಿ ಮೂಸ್‌ನ ಆಳೆತ್ತರದ ಚಿತ್ರ ಹಳಿಯ ಮೇಲೆ ಓಡುತ್ತದೆ, ಎಂಬತ್ತು ಮೀಟರ್ ದೂರದಿಂದ ಅದಕ್ಕೆ ಗುಂಡು ಹಾಕಬೇಕು. ದುಬಾರಿ ಬೇಟೆಗುಂಡನ್ನು ಇದಕ್ಕೆ ಖರ್ಚುಮಾಡುವುದು ದಂಡ; ಅಗ್ಗದ ಹಗುರ ಗುಂಡಿನ ಹಿಂದೆ, ಕೈಪಿಡಿ ಒಪ್ಪುವ ಮೆದು ಮದ್ದಿಟ್ಟು ತುಂಬಿದರೆ ಒದೆತ ತಗ್ಗಿ ಒಂದೇ ಮಧ್ಯಾಹ್ನ ಮೂವತ್ತು ನಲವತ್ತು ಈಡು ಹೊಡೆದರೂ ಭುಜ ನೋಯುವುದಿಲ್ಲ, ಕಣ್ಣು ಮಿಟುಕುವ ಚಾಳಿ ಹತ್ತುವುದಿಲ್ಲ. ಇಷ್ಟು ಸಲ ಸಿಡಿದ ಕೇಸಿನ ಕುತ್ತಿಗೆ ಗಡುಸಾಗಿ ಸೀಳುವುದುಂಟು, ಅದನ್ನು ಆಗಾಗ ಹದವಾಗಿ ಕಾಯಿಸಿ ಮೆದುಗೊಳಿಸಿಕೊಳ್ಳುತ್ತಾರೆ. ಬೇಟೆಯ ತೋಟಾಗಳು ಇವುಗಳ ಜೊತೆ ಸೇರಬಾರದೆಂದು ಬೇರೆ ಪೆಟ್ಟಿಗೆ. ಮುಚ್ಚಳದ ಮೇಲೆ ಮದ್ದಿನ ಹೆಸರು, ತೂಕ, ಗುಂಡು, ಕೇಸು ಎಷ್ಟನೆಯ ಸಲ ತುಂಬಿದ್ದು, ಯಾವ ದಿನ ಎಂದು ಬರೆದ ಚೀಟಿ. ಉತ್ತರ ಸ್ವೀಡನ್ನಿನಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಬೆಳಕು ಹರಿಯುವ ಮುನ್ನ ಆ ಪೆಟ್ಟಿಗೆಯಿಂದ ಜೇಬಿಗಿಳಿಯುವುದು ಐದಾರು ತೋಟಾ. ಸಂಜೆ ಅವುಗಳಲ್ಲಿ ಬಹುಪಾಲು ಹಾಗೆಯೇ ಪೆಟ್ಟಿಗೆಗೆ ಮರಳುತ್ತವೆ.